ಬಾಗಿಲು ಬಡಿದ ಸದ್ದು

ಇವತ್ತು ಮಧ್ಯಾಹ್ನ ಗಾಳಿಗೆ ಬಾಗಿಲು ಧಡಾರ್ ಅಂತ ಬಡಿಯಿತು. ಅಷ್ಟೇ.

ಮನೆಯಲ್ಲಿ ನಾನೊಬ್ಬಳೇ. ಆದರೂ ಭುಜಗಳೆರಡೂ ಕಿವಿಯ ಹತ್ತಿರಕ್ಕೆ ಏರಿ ಕೂತಿದ್ದವು. ಗಾಳಿ ಅಂತ ಗೊತ್ತಾದ ಮೇಲೂ ಇಳಿಯಲಿಲ್ಲ. ಕೈಯಿಂದ ಒತ್ತಿ ಇಳಿಸಬೇಕಾಯಿತು. ನಗಬೇಡಿ.

ಚಿಕ್ಕವಳಿದ್ದಾಗ ಬಾಗಿಲು ಹಾಗೆ ಬಡಿದರೆ ಮುಂದೇನು ಅಂತ ಗೊತ್ತಿರುತ್ತಿತ್ತು. ಈಗ ಬಡಿಯುವವರು ಯಾರೂ ಇಲ್ಲ. ಭುಜಕ್ಕೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ.

ಅಮೆರಿಕದ ವೈದ್ಯರಾದ ಫೆಲಿಟ್ಟಿ, ಆಂಡಾ ಮತ್ತು ಅವರ ತಂಡ ಸಾವಿರಾರು ದೊಡ್ಡವರನ್ನು ಬಾಲ್ಯದ ಬಗ್ಗೆ ಕೇಳಿತ್ತು. ಹೊಡೆತ, ಬೈಗುಳ, ಕುಡಿತದ ಮನೆ, ಅಮ್ಮನಿಗೆ ಬೀಳುತ್ತಿದ್ದ ಏಟು, ಇಂಥವು. 1998ರಲ್ಲಿ ಅದು ಪ್ರಕಟವಾಯಿತು. ಇಂಥ 4 ಅಥವಾ ಅದಕ್ಕಿಂತ ಜಾಸ್ತಿ ಬಗೆಯ ನೋವು ಕಂಡವರಲ್ಲಿ ಖಿನ್ನತೆ, ಕುಡಿತ ಹೆಚ್ಚು. ಅದು ಊಹಿಸಬಹುದು ಬಿಡಿ. ಆದರೆ ಎಷ್ಟು ಬಗೆಯ ನೋವೋ ಅಷ್ಟಷ್ಟು ಹೃದಯದ ಕಾಯಿಲೆ, ಶ್ವಾಸಕೋಶದ ಕಾಯಿಲೆಯೂ ಹೆಚ್ಚಂತೆ. ಎಲ್ಲರಿಗೂ ಬಂದೇ ಬರುತ್ತದೆ ಅಂತಲ್ಲ, ಸಾಧ್ಯತೆ ಜಾಸ್ತಿ ಅಷ್ಟೇ.

ಹೆದರಿದಾಗ ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನು ಏರಬೇಕು, ಭಯ ಮುಗಿದ ಮೇಲೆ ಇಳಿಯಬೇಕು. ಮಗುವಿನ ಮನೆಯಲ್ಲೇ ಭಯ ಮುಗಿಯದಿದ್ದರೆ? ಇಳಿಯುವುದನ್ನು ಮೈ ಕಲಿಯುವುದು ಎಲ್ಲಿಂದ, ಅಲ್ವಾ?

ಕತ್ತು ನೋವು ಅಂತ ಮೂರು ದಿಂಬು ಬದಲಾಯಿಸಿದ್ದೇನೆ. ಬಾಲ್ಯ ಹೇಗಿತ್ತು ಅಂತ ಯಾವ ಡಾಕ್ಟರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸದ್ಯಕ್ಕೆ ಬಾಗಿಲ ಸಂದಿಗೆ ಒಂದು ಹಳೇ ಬಟ್ಟೆ ಮಡಚಿ ಸಿಕ್ಕಿಸಿದ್ದೇನೆ.