ಎಲೆಕ್ಟಿವ್ ಫಾರ್ಮ್ ತುಂಬುವ ಮೊದಲು ಬಸ್ಸಿನ ಹೊತ್ತನ್ನೂ ಲೆಕ್ಕ ಹಾಕಿ

ಡಿಗ್ರಿಗೆ ಹೊಸತಾಗಿ ಸೇರಿದವರು ಎಲೆಕ್ಟಿವ್, ಅಂದರೆ ತಾವೇ ಆರಿಸಿಕೊಳ್ಳುವ ಪೇಪರ್, ಆರಿಸುವಾಗ ನೋಡುವುದು ಅದರ ಹೆಸರನ್ನು, ಇಲ್ಲವೇ ಪಕ್ಕದಲ್ಲಿ ಕೂತ ಗೆಳೆಯ ಯಾವುದಕ್ಕೆ ಟಿಕ್ ಹಾಕಿದ ಎಂಬುದನ್ನು. ಆ ಪೇಪರಿಗೆ ವಾರಕ್ಕೆ ಎಷ್ಟು ಗಂಟೆ ಕೊಡಬೇಕು, ಅದರ ಕ್ಲಾಸು ಯಾವ ದಿನ ಎಷ್ಟು ಹೊತ್ತಿಗೆ ಎಂದು ಕೇಳುವವರು ಕಡಿಮೆ. ಕಾಪುವಿನಿಂದಲೋ ಮೂಡುಬಿದಿರೆಯಿಂದಲೋ ದಿನಾ ಮಂಗಳೂರಿಗೆ ಬಂದು ಹೋಗುವವರಿಗೆ ಈ ಎರಡು ಪ್ರಶ್ನೆಗಳೇ ಮುಖ್ಯ.

ಮೊದಲು ಕ್ರೆಡಿಟ್ ಲೆಕ್ಕ. ಥಿಯರಿಯಲ್ಲಿ 1 ಕ್ರೆಡಿಟ್ ಎಂದರೆ ವಾರಕ್ಕೆ 1 ಗಂಟೆ ಪಾಠ, ಲ್ಯಾಬಿನಲ್ಲಿ 1 ಕ್ರೆಡಿಟ್ ಎಂದರೆ ವಾರಕ್ಕೆ 2 ಗಂಟೆ. ಹಾಗಾಗಿ 4 ಕ್ರೆಡಿಟ್ಟಿನ ಎರಡು ಪೇಪರುಗಳ ಭಾರ ಒಂದೇ ಅಲ್ಲ. ಪೂರ್ತಿ ಥಿಯರಿಯದ್ದಕ್ಕೆ ವಾರಕ್ಕೆ 4 ಗಂಟೆ. 3 ಥಿಯರಿ, 1 ಲ್ಯಾಬ್ ಇರುವುದಕ್ಕೆ 5 ಗಂಟೆ, ಅದರ ಮೇಲೆ ರೆಕಾರ್ಡ್ ಬರೆಯುವ ಕೆಲಸ. ಸಿಲೆಬಸ್ಸಿನಲ್ಲಿ ಎಲ್-ಟಿ-ಪಿ (ಲೆಕ್ಚರ್, ಟ್ಯುಟೋರಿಯಲ್, ಪ್ರಾಕ್ಟಿಕಲ್) ಎಂದು ಮೂರು ಅಂಕಿ ಕೊಟ್ಟಿದ್ದರೆ ಕೊನೆಯದು ಕ್ರೆಡಿಟ್ಟೋ ಗಂಟೆಯೋ ಎಂದು ಲೆಕ್ಚರರ್ ಹತ್ತಿರ ಕೇಳಿಕೊಳ್ಳಿ. ಕೆಲವು ಕಡೆ ಹಾಗೆ, ಕೆಲವು ಕಡೆ ಹೀಗೆ.

ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 1 ಕ್ರೆಡಿಟ್ಟಿಗೆ ಕ್ಲಾಸಿನ ಒಳಗೂ ಹೊರಗೂ ಸೇರಿ 30 ಗಂಟೆ ಕಲಿಕೆ. 20 ಕ್ರೆಡಿಟ್ಟಿಗೆ 600 ಗಂಟೆ, 15 ವಾರಕ್ಕೆ ಹಂಚಿದರೆ ವಾರಕ್ಕೆ 40. ವಾರದಲ್ಲಿ ಇರುವುದು 168 ಗಂಟೆ. ದಿನಕ್ಕೆ 7ರಂತೆ ನಿದ್ದೆಗೆ 49, ಓದಿಗೆ 40, ಊಟ-ಸ್ನಾನ-ಮನೆಕೆಲಸಕ್ಕೆ ದಿನಕ್ಕೆ 4ರಂತೆ 28. ಹೋಗಲು 2, ಬರಲು 2 ಗಂಟೆ ಆಗುವವರಿಗೆ ಆರು ದಿನಕ್ಕೆ ಬಸ್ಸಿಗೇ 24. ಉಳಿಯುವುದು 27. ಇದು ಸಾಕಷ್ಟು ಅನ್ನಿಸಬಹುದು, ಆದರೆ ಈ 27 ಗಂಟೆ ಒಟ್ಟಿಗೆ ಸಿಗುವುದಿಲ್ಲ, ಅರ್ಧರ್ಧ ಗಂಟೆಯ ತುಂಡುಗಳಾಗಿ ಚೆಲ್ಲಿಹೋಗಿರುತ್ತದೆ. ಮದುವೆ ಸೀಸನಿನಲ್ಲಿ ವಾರಕ್ಕೆರಡು ಸಲ ಕೇಟರಿಂಗಿಗೆ ಬಡಿಸಲು ಹೋಗುವವರಿಗೆ ಅದರಲ್ಲೂ ಅರ್ಧ ಹೋಯಿತು. ದುಡಿಮೆ ಬೇಡ ಅನ್ನುತ್ತಿಲ್ಲ, ಫೀಸಿಗೆ ಅದೇ ಆಧಾರವಾದ ಮನೆಗಳು ಎಷ್ಟೋ ಉಂಟು. ಅಂಥವರು ಎರಡು ಲ್ಯಾಬಿನ ಎಲೆಕ್ಟಿವ್ ಒಟ್ಟಿಗೆ ತೆಗೆದುಕೊಳ್ಳಬಾರದು, ಅಷ್ಟೇ.

ಬಸ್ಸಿನಲ್ಲಿ ಓದುತ್ತೇನೆ ಎಂದು ಆ ಗಂಟೆಗಳನ್ನು ಓದಿನ ಖಾತೆಗೆ ಹಾಕಬೇಡಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ವಿಶ್ವವಿದ್ಯಾನಿಲಯ ಇರುವ ಕೊಣಾಜೆಗೆ ಸುಮಾರು 20 ಕಿಲೋಮೀಟರ್. ಬಸ್ಸು ಹೊರಡುವಲ್ಲೇ ಹತ್ತಿದರೆ ಸೀಟು ಸಿಗಬಹುದು. ನಡುದಾರಿಯ ತೊಕ್ಕೊಟ್ಟಿನಲ್ಲಿ ಹತ್ತಿದರೆ ಒಂದು ಕೈ ಕಂಬಿಗೆ, ಇನ್ನೊಂದು ಬ್ಯಾಗಿಗೆ. ಪಾಠದ ರೆಕಾರ್ಡಿಂಗ್ ಕೇಳಬಹುದು, ಲೆಕ್ಕ ಬಿಡಿಸಲಾಗುವುದಿಲ್ಲ. ಟೈಮ್‌ಟೇಬಲ್ ನೋಡುವಾಗ ಇದನ್ನೂ ನೋಡಿ: ಬೆಳಿಗ್ಗೆ 9ಕ್ಕೆ ಒಂದು ಕ್ಲಾಸು, ಆಮೇಲೆ ಮಧ್ಯಾಹ್ನ 3ಕ್ಕೆ ನಿಮ್ಮ ಎಲೆಕ್ಟಿವ್ ಎಂದಿದ್ದರೆ ನಡುವಿನ ಹೊತ್ತು ಲೈಬ್ರರಿಗೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಇಲ್ಲವಾದರೆ ಅದು ಕ್ಯಾಂಟೀನಿನಲ್ಲಿ ಕರಗುತ್ತದೆ.

ಅಟೆಂಡೆನ್ಸ್ ಶಾರ್ಟೇಜ್ ಆಗುವುದು ಬಹಳ ಸಲ ತಪ್ಪು ಲೆಕ್ಕದಿಂದ. ವಾರಕ್ಕೆ 3 ಕ್ಲಾಸಿನಂತೆ 15 ವಾರಕ್ಕೆ 45. ಬೇಕಾದ ಹಾಜರಿ ಅದರ ಶೇ. 75, ಅಂದರೆ 33.75, ಅಂದರೆ 34 ಕ್ಲಾಸಿಗೆ ಇರಲೇಬೇಕು, 11 ತಪ್ಪಿಸಬಹುದು. ಆದರೆ ರಜೆಗಳು ಬಂದು ನಡೆದದ್ದೇ 36 ಕ್ಲಾಸು ಆದರೆ ತಪ್ಪಿಸಬಹುದಾದ್ದು 9 ಮಾತ್ರ. 11 ಎಂದು ನೆಚ್ಚಿಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಲ್ಯಾಬಿನದ್ದು ಇನ್ನೂ ಬಿಗಿ. ವಾರಕ್ಕೊಂದರಂತೆ 15 ಲ್ಯಾಬ್ ಇದ್ದರೆ 12ಕ್ಕೆ ಹಾಜರಿ ಬೇಕು. ನಾಲ್ಕನೆಯದನ್ನು ತಪ್ಪಿಸಿದಿರೋ, ಶೇ. 73ಕ್ಕೆ ಇಳಿಯಿತು. ಒಂದು ಜ್ವರ, ಒಂದು ಮದುವೆ, ಒಂದು ನೇಮ (ದೈವದ ಕೋಲ), ಅಲ್ಲಿಗೆ ಮೂರೂ ಮುಗಿಯಿತು.

ಮಳೆಗಾಲದಲ್ಲಿ ರೆಡ್ ಅಲರ್ಟ್ ಬಂದಾಗ ಜಿಲ್ಲಾಧಿಕಾರಿಯ ಆದೇಶವನ್ನು ಪೂರ್ತಿ ಓದಿ. ರಜೆ ಎಷ್ಟೋ ಸಲ ಅಂಗನವಾಡಿಯಿಂದ ಪಿಯು ತನಕ ಮಾತ್ರ, ಡಿಗ್ರಿ ಕ್ಲಾಸು ನಡೆಯುತ್ತದೆ. ವಾಟ್ಸಾಪಿನಲ್ಲಿ "ನಾಳೆ ರಜೆ" ಎಂದು ಬಂದದ್ದನ್ನು ನಂಬಿ ಮಲಗಿದವರಿಗೆ ಗೈರುಹಾಜರಿ ಬೀಳುತ್ತದೆ.

ಎಲೆಕ್ಟಿವ್ ಬದಲಾಯಿಸಲು ಕಡೆಯ ದಿನ ಯಾವುದೆಂದು ಸೇರಿದ ಮೊದಲ ವಾರವೇ ಆಫೀಸಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಎರಡು ವಾರ ಕಳೆದು ಬದಲಾಯಿಸಿದರೆ ಹೊಸ ಪೇಪರಿನಲ್ಲಿ ಆಗಲೇ 6 ಕ್ಲಾಸು ಮುಗಿದಿರುತ್ತದೆ. ಅದನ್ನು ನಿಮ್ಮ ಗೈರಿಗೆ ಸೇರಿಸಿದರೆ 11ರಲ್ಲಿ ಉಳಿಯುವುದು 5. ಸಾಕಷ್ಟು ಮಂದಿ ಸೇರದಿದ್ದರೆ ಎಲೆಕ್ಟಿವ್ ನಿಂತುಹೋಗುವುದೂ ಉಂಟು. ಆದ್ದರಿಂದ ಫಾರ್ಮಿನಲ್ಲಿ ಎರಡನೇ ಆಯ್ಕೆಯನ್ನು ಸುಮ್ಮನೆ ಗೀಚಬೇಡಿ, ಅದರ ಸಿಲೆಬಸ್ಸನ್ನೂ ತೆರೆದು ನೋಡಿ. ಘಟಕಗಳ ಹೆಸರು ಓದಿದರೆ ಸಾಲದು, ಹಿಂದಿನ ಎರಡು ಪ್ರಶ್ನೆಪತ್ರಿಕೆ ತೆಗೆದು ಲೆಕ್ಕ ಎಷ್ಟು, ಪ್ರಬಂಧದಂಥ ಉತ್ತರ ಎಷ್ಟು ಎಂದು ಗುರುತು ಹಾಕಿ. ಪೇಪರಿನ ನಿಜವಾದ ಸ್ವಭಾವ ಗೊತ್ತಾಗುವುದು ಅಲ್ಲಿ.

ಸೀನಿಯರುಗಳ ಮಾತು ಕೇಳಿ, ಆದರೆ ಅವರು ಯಾವ ವರ್ಷ ಸೇರಿದವರೆಂದೂ ಕೇಳಿ. ಕರ್ನಾಟಕದಲ್ಲಿ 2021-22ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಇತ್ತು, 2024-25ರಿಂದ ಮೂರು ವರ್ಷದ ಪದವಿಯೊಂದಿಗೆ ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಬಂತು. ಎನ್‌ಇಪಿ ಬ್ಯಾಚಿನವರು ಹೇಳುವ ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸುವ ಪೇಪರ್) ಲೆಕ್ಕ ನಿಮ್ಮ ಸಿಲೆಬಸ್ಸಿಗೆ ಹೊಂದಿಕೊಳ್ಳದೆ ಇರಬಹುದು.

ಬಸ್ಸಿನ ಹೊತ್ತು ಉಳಿಯುತ್ತದೆಂದು ಕೇಂದ್ರ ಸರ್ಕಾರದ ‘ಸ್ವಯಂ’ ಪೋರ್ಟಲಿನಲ್ಲಿರುವ ಎನ್‌ಪಿಟೆಲ್ ಆನ್‌ಲೈನ್ ಕೋರ್ಸಿನತ್ತ ನೋಡುವವರು ಹೆಚ್ಚುತ್ತಿದ್ದಾರೆ. ಒಳ್ಳೆಯದೇ. ಆದರೆ ಸೇರಿಕೊಳ್ಳುವುದು ಉಚಿತ, ಪರೀಕ್ಷೆಗೆ ಬೇರೆಯೇ ನೋಂದಣಿ, ಬೇರೆ ಶುಲ್ಕ. ಎರಡನೆಯದನ್ನು ಮರೆತವರಿಗೆ ಸರ್ಟಿಫಿಕೇಟ್ ಇಲ್ಲ. 12 ವಾರದ ಕೋರ್ಸಿನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟಿನ ಸರಾಸರಿಗೆ 25 ಅಂಕ, ಪರೀಕ್ಷೆಗೆ 75. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬಂದರೆ ಮಾತ್ರ ಪಾಸು. ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಈ ಕ್ರೆಡಿಟ್ಟನ್ನು ನಿಮ್ಮ ವಿಭಾಗ ಒಪ್ಪುತ್ತದೆಯೇ ಎಂದು ಸೇರುವ ಮೊದಲೇ ಮುಖ್ಯಸ್ಥರಿಂದ ಬರಹದಲ್ಲಿ ಪಡೆಯಿರಿ. ಕ್ರೆಡಿಟ್ ಜಮಾ ಆಗುವ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಖಾತೆ ತೆರೆಯುವಾಗ ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು ಒಂದೇ ಆಗಿರಲಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಶೆಟ್ಟಿ, ಪೂಜಾರಿ ಎಂದು ಪೂರ್ತಿ ಇದ್ದರೆ ಆಮೇಲೆ ತಿದ್ದಿಸಲು ಅಲೆದಾಟ.

ಲ್ಯಾಬ್ ರೆಕಾರ್ಡನ್ನು ಅದೇ ದಿನ ಸಂಜೆ ಬರೆದುಬಿಡಿ. ಅಂದಾದರೆ ಮುಕ್ಕಾಲು ಗಂಟೆ ಸಾಕು. ನಾಲ್ಕು ಪ್ರಯೋಗ ಒಟ್ಟಾದರೆ ಒಂದು ರಾತ್ರಿ ಪೂರ್ತಿ, ಅದೂ ಇಂಟರ್ನಲ್ಸಿನ ಹಿಂದಿನ ರಾತ್ರಿ.

ಸಮ ಸೆಮಿಸ್ಟರ್, ಅಂದರೆ ಮಳೆ ಇಲ್ಲದ ತಿಂಗಳುಗಳು, ನಮ್ಮ ಕರಾವಳಿಯಲ್ಲಿ ಹೆಚ್ಚು ಕಷ್ಟದ್ದು. ಮೇ ಕೊನೆಗೆ ಬರುವ ಪತ್ತನಾಜೆಯ ತನಕ ಯಕ್ಷಗಾನ, ಕೋಲ, ಜಾತ್ರೆ, ಬ್ರಹ್ಮಕಲಶ, ಮದುವೆ ಎಲ್ಲ ಆಗಲೇ. ಇವನ್ನು ಬಿಡಿ ಎಂದು ಹೇಳುವುದು ಸರಿಯಲ್ಲ, ಕುಟುಂಬದ ನೇಮಕ್ಕೆ ಹೋಗಲೇಬೇಕು. ಸೆಮಿಸ್ಟರ್ ಶುರುವಾಗುವಾಗಲೇ ಮನೆಯಲ್ಲಿ ಅಮ್ಮನ ಹತ್ತಿರ ಕೇಳಿ ದಿನಾಂಕಗಳನ್ನು ಟೈಮ್‌ಟೇಬಲ್ಲಿನ ಹಾಳೆಯ ಮೇಲೆ ಬರೆಯಿರಿ. ಲ್ಯಾಬಿನ ದಿನವೇ ಬಿದ್ದರೆ ಒಂದು ವಾರ ಮುಂಚೆ ಲೆಕ್ಚರರ್ ಹತ್ತಿರ ಹೋಗಿ, ಆ ವಾರದ ಪ್ರಯೋಗವನ್ನು ಇನ್ನೊಂದು ಬ್ಯಾಚಿನ ಜೊತೆ ಮಾಡಬಹುದೇ ಎಂದು ಕೇಳಿ. ಮೊದಲೇ ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ನೇಮ ಮುಗಿದ ಮೇಲೆ ಕೇಳಿದರೆ ಆ ಪ್ರಯೋಗದ ಸಾಮಾನನ್ನೇ ಎತ್ತಿಟ್ಟಿರುತ್ತಾರೆ.