ಮುಖ ಬರೆದ್ರೆ ಸಾಲದು, ಕೈಯನ್ನೂ ಬರೀಬೇಕು

ನಮ್ ಪೋರ್ಟ್ರೇಟ್ ಕ್ಲಾಸಿನ ಮೇಡಂ ಯಾರ ಈಸಲ್ ಮುಂದೆ ನಿಂತ್ರೂ ಕೇಳ್ತಿದ್ದಿದ್ದು ಒಂದೇ, "ಇವರು ಏನ್ ಕೆಲ್ಸ ಮಾಡಿದವರು ಅಂತ ಈ ಚಿತ್ರ ನೋಡಿದ್ರೆ ಗೊತ್ತಾಗುತ್ತಾ?" ಫೈನಲ್ ಇಯರ್‌ನಲ್ಲಿ ನಾನು ಸಾಧನೆ ಮಾಡಿದ ಹೆಣ್ಮಕ್ಕಳ ಸೀರೀಸ್ ಮಾಡ್ತೀನಿ ಅಂದಾಗ ತುಂಬಾ ಖುಷಿಪಟ್ರು, ಆದ್ರೆ ಒಂದು ಕಂಡೀಷನ್ ಹಾಕಿದ್ರು, ಚೆಂದ ಮಾಡೋಕೆ ಹೋಗ್ಬೇಡ, ಹಣೆಯ ಗೆರೆ, ಕಣ್ಣ ಕೆಳಗಿನ ಕಪ್ಪು ಯಾವ್ದನ್ನೂ ಅಳಿಸ್ಬೇಡ ಅಂತ.

ಇಟಲಿಯ ಚಿತ್ರಗಾರ್ತಿ ಆರ್ಟೆಮಿಸಿಯಾ ಜೆಂಟಿಲೆಸ್ಕಿ ಪರಿಚಯ ಮಾಡಿಸಿದ್ದೂ ಅವ್ರೇ. 1616ರಲ್ಲಿ ಫ್ಲಾರೆನ್ಸಿನ ಕಲಾ ಅಕಾಡೆಮಿಗೆ ಸದಸ್ಯೆಯಾದ ಮೊದಲ ಹೆಣ್ಣುಮಗಳು ಆಕೆ. 1638-39ರ ಸುಮಾರಿಗೆ ಚಿತ್ರಕಲೆಯೇ ಹೆಣ್ಣಿನ ರೂಪ ತಾಳಿದ ಹಾಗೆ ತನ್ನನ್ನೇ ಬರ್ಕೊಂಡಿರೋ ಚಿತ್ರ ಇದ್ಯಲ್ಲ, ಅದ್ರಲ್ಲಿ ಆಕೆ ನಮ್ ಕಡೆ ನೋಡೋದೇ ಇಲ್ಲ, ತೋಳು ಮೇಲೇರಿಸ್ಕೊಂಡು ಬ್ರಷ್ ಹಿಡ್ದು ಇಡೀ ಮೈನೇ ಬಾಗಿಸಿ ಕೆಲ್ಸದಲ್ಲಿದ್ದಾಳೆ, ಕೂದ್ಲು ಕೆದರಿದೆ, ಅದರ ಪರಿವೆನೂ ಇಲ್ಲ. ಹೆಣ್ಣಿನ ಗಟ್ಟಿತನಾನ ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಚಿತ್ರ ನಾನಂತೂ ನೋಡಿಲ್ಲ.

ನಂಗೆ ಜಾಸ್ತಿ ಟೈಮ್ ಹಿಡ್ದಿದ್ದು ಮೇರಿ ಕ್ಯೂರಿ. 1903ರಲ್ಲಿ ಫಿಸಿಕ್ಸ್, 1911ರಲ್ಲಿ ಕೆಮಿಸ್ಟ್ರಿ, ಎರಡು ನೊಬೆಲ್ ಬಂದವರ ಚಿತ್ರ ಅಂದ್ರೆ ಪಕ್ಕದಲ್ಲಿ ಪದಕ ಇಡೋಣ ಅನ್ಸುತ್ತೆ, ಆದ್ರೆ ರೇಡಿಯಂ ಮುಟ್ಟಿ ಮುಟ್ಟಿ ಅವರ ಬೆರಳ ತುದಿಗಳು ಸುಟ್ಟು ಗಟ್ಟಿಯಾಗಿದ್ವು ಅಂತ ಓದಿದ ಮೇಲೆ ಕೈಗಳೇ ಮುಂದಕ್ಕೆ ಬಂದ್ವು. ಇದ್ದಿದ್ದೆಲ್ಲ ಬ್ಲ್ಯಾಕ್ ಅಂಡ್ ವೈಟ್ ಫೋಟೋ, ಚರ್ಮದ ಬಣ್ಣ ಎಲ್ಲಿಂದ ತರೋದು? ಕೊನೆಗೆ ನಮ್ ಲ್ಯಾಬ್ ಅಟೆಂಡರ್ ಅಕ್ಕ ನಾಚ್ಕೊಂಡೇ ಕಿಟಕಿ ಹತ್ರ ಕೈ ಇಟ್ಟು ಕೂತ್ರು. ಕೆಳಗೆ ತೆಳುವಾಗಿ ಹಸಿರು, ಅದರ ಮೇಲೆ ಯೆಲ್ಲೋ ಓಕರ್ ಅನ್ನೋ ಮಣ್ಣು ಹಳದಿ, ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಪು ಕಂದು, ಗೆಣ್ಣುಗಳ ಹತ್ರ ಮಾತ್ರ ಒಂಚೂರು ಕೆಂಪು. ಇವತ್ತಿಗೂ ನಾನು ಬರೆದಿದ್ರಲ್ಲಿ ನಂಗೆ ತುಂಬಾ ಇಷ್ಟವಾದ ಕೈಗಳು ಅವೇ.

ಅಮೆರಿಕದ ಕಲಾವಿದೆ ಏಮಿ ಶೆರಾಲ್ಡ್ ಬರೆದ ಮಿಶೆಲ್ ಒಬಾಮಾ ಚಿತ್ರ 2018ರಲ್ಲಿ ಬಂದಾಗ ಮೈಬಣ್ಣ ಯಾಕೆ ಬೂದು ಅಂತ ನಮ್ ಬ್ಯಾಚ್ ಗ್ರೂಪಲ್ಲಿ ದೊಡ್ಡ ಚರ್ಚೆನೇ ಆಯ್ತು. ನಂಗೆ ಅದು ಹಿಡಿಸ್ತು, ಬಣ್ಣ ಪಕ್ಕಕ್ಕೆ ಸರಿದ್ರೆ ಕೂತಿರೋ ಮನುಷ್ಯರು ಮೊದ್ಲು ಕಾಣ್ತಾರೆ.

ಈಗ ಸಾವಿತ್ರಿಬಾಯಿ ಫುಲೆ ಅವರನ್ನ ಬರೀತಿದ್ದೀನಿ. 1848ರಲ್ಲಿ ಪುಣೆಯಲ್ಲಿ ಹೆಣ್ಮಕ್ಕಳಿಗೆ ಶಾಲೆ ತೆಗೆದವರು, ದಾರೀಲಿ ಜನ ಸಗಣಿ ಎಸೀತಿದ್ರು ಅಂತ ಬದಲಾಯ್ಸೋಕೆ ಇನ್ನೊಂದು ಸೀರೆ ತಗೊಂಡು ಹೋಗ್ತಿದ್ರಂತೆ. ನನ್ ಚಿತ್ರದಲ್ಲಿ ಅವರ ಕೈಲಿ ಪುಸ್ತಕದ ಜೊತೆ ಆ ಸೀರೆನೂ ಇದೆ. ಮುಗಿದ್ಮೇಲೆ ಕಾಲೇಜಿಗೇ ಕೊಡ್ಬೇಕು ಅಂತಿದ್ದೀನಿ, ಮೇಡಂಗೆ ಆಗ್ಲೇ ಹೇಳಾಗಿದೆ.