ಕ್ಯಾನಸ್ಟೋಟಾದಲ್ಲಿ ಆ ರಿಂಗ್‌ನ ಎದುರು

ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಿಂದ ಪೂರ್ವಕ್ಕೆ ಸುಮಾರು 40 ಕಿ.ಮೀ. ಹೋದರೆ ಕ್ಯಾನಸ್ಟೋಟಾ. ಈರುಳ್ಳಿ ಬೆಳೆಗೆ ಹೆಸರಾದ ಊರು. ವಿಶ್ವ ಚಾಂಪಿಯನ್ ಕಾರ್ಮೆನ್ ಬೆಸಿಲಿಯೊ ಇಲ್ಲಿಯವರು, ಬಾಕ್ಸಿಂಗ್ ಸಾಧಕರ ಮ್ಯೂಸಿಯಂ ಆದ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಇಲ್ಲಿ ಬಂದದ್ದಕ್ಕೂ ಅವರ ಮತ್ತು ಅವರ ಸೋದರಳಿಯ, ಚಾಂಪಿಯನ್ ಬಿಲ್ಲಿ ಬ್ಯಾಕಸ್‌ರ ಹೆಸರೇ ಮೂಲ. ರಾಜ್ಯದ ಹೆದ್ದಾರಿಯಾದ ಥ್ರೂವೇಯ 34ನೇ ಎಕ್ಸಿಟ್ ಹತ್ತಿರವೇ ಅದರ ಕಟ್ಟಡ. ಕಾರಿಲ್ಲದವರು ಹಿಂತಿರುಗುವ ಗಾಡಿಯನ್ನು ಹೋಗುವಾಗಲೇ ಗೊತ್ತುಮಾಡಿಕೊಳ್ಳಬೇಕು, ಕೈಬೀಸಿ ಟ್ಯಾಕ್ಸಿ ಹಿಡಿಯುವ ಊರಲ್ಲ ಅದು.

ಮುಷ್ಟಿಗಳ ಅಚ್ಚು, ನಿಲುವಂಗಿ, ಬೆಲ್ಟುಗಳನ್ನು ಬೇಗ ನೋಡಿ ಮುಗಿಸಬಹುದು. ಕಾಲು ನಿಲ್ಲುವುದು ನ್ಯೂಯಾರ್ಕ್ ನಗರದ ಕ್ರೀಡಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಹಳೆಯ ರಿಂಗ್ ಮುಂದೆ. 1925ರಿಂದ 2007ರವರೆಗೆ ಬಳಸಿದ್ದು. 1971ರ ಮಾರ್ಚ್ 8ರಂದು ಅಲಿ–ಫ್ರೇಜಿಯರ್ ಸೆಣಸಿದ್ದು ಇದರಲ್ಲೇ. ಒಳಗೆ ಗೆದ್ದವರು ಯಾರೆಂದು ಲೋಕಕ್ಕೆ ಗೊತ್ತು. ಹಗ್ಗ ದಾಟುವ ಅವಕಾಶ ಯಾರಿಗೆ ಎಂಬುದು ಮಾತ್ರ ಬೇರೆ ಕಡೆ ತೀರ್ಮಾನವಾಗುತ್ತಿತ್ತು.

1920–30ರ ದಶಕಗಳಲ್ಲೂ ಬಾಕ್ಸರ್‌ಗಳಿಗೆ ಸ್ಥಾನ ಕೊಡುವ ರೇಟಿಂಗ್ ಪಟ್ಟಿಗಳು ಇದ್ದವು. ಆದರೆ ಮೊದಲ ಸ್ಥಾನದವನಿಗೆ ಪಂದ್ಯ ಕೊಡಲೇಬೇಕೆಂದು ಎಲ್ಲೆಡೆ ಹಟಹಿಡಿದು ನಡೆಸಬಲ್ಲ ಅಧಿಕಾರ ಯಾರಿಗೂ ಇರಲಿಲ್ಲ. ಚಾಂಪಿಯನ್‌ನ ಮ್ಯಾನೇಜರ್ ಮತ್ತು ಪಂದ್ಯ ಏರ್ಪಡಿಸುವ ಪ್ರಮೋಟರ್ ಕೂತು ಲೆಕ್ಕಹಾಕುತ್ತಿದ್ದರು: ಟಿಕೆಟ್ ಎಷ್ಟು ಹೋದೀತು, ಸೋತರೆ ಮರುಪಂದ್ಯ ಉಂಟೇ, ಪಟ್ಟ ಕೈಬದಲಾದರೆ ಮುಂದಿನ ಪಂದ್ಯಗಳು ಯಾರ ಹಿಡಿತಕ್ಕೆ. ಕಪ್ಪುವರ್ಣದ ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಮುಂಚೂಣಿಯಲ್ಲಿದ್ದರೂ ಹೆವಿವೇಟ್ ಚಾಂಪಿಯನ್ ಜಾಕ್ ಡೆಂಪ್ಸಿ ಎದುರು ನಿಲ್ಲುವ ಅವಕಾಶ ಸಿಗಲೇ ಇಲ್ಲ. ಬಾಕ್ಸಿಂಗ್ ಇತಿಹಾಸದ ದೊಡ್ಡ ಅನ್ಯಾಯಗಳಲ್ಲಿ ಅದೂ ಒಂದು.

ಜರ್ಮನಿಯ ಬಾಕ್ಸರ್ ಮ್ಯಾಕ್ಸ್ ಷ್ಮೆಲಿಂಗ್ ಪ್ರಕರಣದಲ್ಲಿ ಈ ವ್ಯವಹಾರದ ಎಲ್ಲ ಕೀಲುಗಳೂ ಕಾಣುತ್ತವೆ. 1936ರ ಜೂನ್‌ನಲ್ಲಿ ಅವರು ಜೋ ಲೂಯಿಸ್‌ರನ್ನು 12ನೇ ಸುತ್ತಿನಲ್ಲಿ ನಾಕೌಟ್ ಮಾಡಿದರು. ಚಾಂಪಿಯನ್ ಬ್ರ್ಯಾಡಕ್ ಜೊತೆ 1937ರ ಜೂನ್ 3ಕ್ಕೆ ಪಂದ್ಯ ನಿಗದಿಯಾಯಿತು. ಆದರೆ ನಾಜಿ ಜರ್ಮನಿಯ ಬಾಕ್ಸರ್ ಎಂದು ಬಹಿಷ್ಕಾರದ ಬೆದರಿಕೆ ಇತ್ತು, ಪಟ್ಟ ಕಡಲಾಚೆ ಹೋದರೆ ಮರಳದೆಂಬ ಅಂಜಿಕೆಯೂ ಇತ್ತು. ಲೂಯಿಸ್‌ರ ಪ್ರಮೋಟರ್ ಮೈಕ್ ಜೇಕಬ್ಸ್ ಇದನ್ನೇ ಬಳಸಿಕೊಂಡರು. ಬ್ರ್ಯಾಡಕ್ ಷ್ಮೆಲಿಂಗ್ ಬದಲು ಲೂಯಿಸ್ ಜೊತೆ ಸೆಣಸಬೇಕು, ಲೂಯಿಸ್ ಗೆದ್ದರೆ ಹೆವಿವೇಟ್ ಪಟ್ಟದ ಪಂದ್ಯಗಳಿಂದ ತನಗೆ ಬರುವ ಲಾಭದಲ್ಲಿ ಶೇ. 10ನ್ನು 10 ವರ್ಷ ಕೊಡುವುದಾಗಿ ಬ್ರ್ಯಾಡಕ್‌ರ ಮ್ಯಾನೇಜರ್ ಜೋ ಗೌಲ್ಡ್ ಜೊತೆ ಕುದುರಿಸಿದರು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬ್ರ್ಯಾಡಕ್ ಜೊತೆಗಿನ ತನ್ನ ಕರಾರು ಹಿಡಿದು ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು, ತಡೆಯಾಜ್ಞೆ ಸಿಗಲಿಲ್ಲ.

ಜೂನ್ 3ರಂದು ಷ್ಮೆಲಿಂಗ್ ನ್ಯೂಯಾರ್ಕ್‌ನಲ್ಲಿ ಪಂದ್ಯಕ್ಕೆ ಮುಂಚಿನ ತೂಕಕ್ಕೆ ಹಾಜರಾದರು, ಎದುರಾಳಿ ಬರಲಿಲ್ಲ. ರಾಜ್ಯ ಬಾಕ್ಸಿಂಗ್ ಆಯೋಗ ಬ್ರ್ಯಾಡಕ್ ಮತ್ತು ಗೌಲ್ಡ್‌ಗೆ ತಲಾ 1,000 ಡಾಲರ್ ದಂಡ ಹಾಕಿತು. ಜೂನ್ 22ಕ್ಕೆ ಷಿಕಾಗೊದಲ್ಲಿ ಬ್ರ್ಯಾಡಕ್‌ರನ್ನು ಸೋಲಿಸಿ ಲೂಯಿಸ್ ಚಾಂಪಿಯನ್ ಆದರು, ಆ ಶೇ. 10ರ ಲೆಕ್ಕ ಶುರುವಾಯಿತು.